ಸ್ಲೈಡ್ ಪ್ರಸ್ತುತಿಗಳಲ್ಲಿ ಧ್ವನಿ ನಿರೂಪಣೆಯ ಮರುಪಡೆಯುವಿಕೆ

ಧ್ವನಿ ನಿರೂಪಣೆಯ ಮರುಪಡೆಯುವಿಕೆ ಎಂದರೆ ಸ್ಲೈಡ್ ಪ್ರಸ್ತುತಿಯೊಂದಕ್ಕೆ ಮುದ್ರಿಸಿ ಸೇರಿಸಿದ್ದ ವಿವರಣೆಯು ಕೇಳಿಸದಂತಾದಾಗ, ಆ ಧ್ವನಿಯನ್ನು ಕಡತದಿಂದ ಅಥವಾ ಅದರ ಹಳೆಯ ಪ್ರತಿಯಿಂದ ಹೊರತೆಗೆದು ಆಯಾ ಸ್ಲೈಡಿಗೆ ಮತ್ತೆ ಜೋಡಿಸುವ ಕಾರ್ಯ. ಈ ಲೇಖನವು ಮುಖ್ಯವಾಗಿ ಮೈಕ್ರೋಸಾಫ್ಟ್ ಪವರ್‌ಪಾಯಿಂಟ್ ತಂತ್ರಾಂಶಕ್ಕೆ ಸಂಬಂಧಿಸಿದೆ. ಇದರಲ್ಲಿ ನಿರೂಪಣೆಯು ಸಾಮಾನ್ಯವಾಗಿ ಸ್ಲೈಡಿಗೊಂದರಂತೆ ಬಿಡಿ ಧ್ವನಿ ಕಡತಗಳಾಗಿ ಉಳಿಯುತ್ತದೆ. ಆದ್ದರಿಂದ ಅನೇಕ ಸಂದರ್ಭಗಳಲ್ಲಿ ಧ್ವನಿ ಸುರಕ್ಷಿತವಾಗಿಯೇ ಇದ್ದು, ಸ್ಲೈಡಿಗೂ ಅದಕ್ಕೂ ಇದ್ದ ಕೊಂಡಿ ಮಾತ್ರ ಕಡಿದಿರುತ್ತದೆ. ಪಾಠ ಹೇಳಿದ ಅಧ್ಯಾಪಕರು ನಿವೃತ್ತರಾಗಿದ್ದರೆ ಅಥವಾ ಉಪನ್ಯಾಸಕಾರರು ಕಾಲವಾಗಿದ್ದರೆ ಮರುಮುದ್ರಣಕ್ಕೆ ಅವಕಾಶವಿರುವುದಿಲ್ಲ. ಅಂಥಲ್ಲಿ ಉಳಿಯುವುದು ಇದೊಂದೇ ದಾರಿ.

ಧ್ವನಿ ಕೇಳಿಸದಿರಲು ಕಾರಣಗಳು

ಅತ್ಯಂತ ಸರಳ ಕಾರಣವೆಂದರೆ ಸ್ಲೈಡ್ ಶೋ ವಿಭಾಗದಲ್ಲಿರುವ ‘ಪ್ಲೇ ನರೇಷನ್ಸ್’ ಆಯ್ಕೆಯ ಗುರುತು ತೆಗೆದುಹೋಗಿರುವುದು. ಇದನ್ನು ಮೊದಲು ಪರಿಶೀಲಿಸದೆ ದುರಸ್ತಿಗೆ ಇಳಿಯುವುದು ವ್ಯರ್ಥಶ್ರಮ. ‘ಕ್ಲಿಯರ್’ ಆದೇಶದಿಂದ ನಿರೂಪಣೆಯನ್ನು ಅಳಿಸಿ ಕಡತವನ್ನು ಉಳಿಸಿದ್ದರೆ ಪರಿಸ್ಥಿತಿ ಬೇರೆ: ಧ್ವನಿಯೇ ಕಡತದಿಂದ ಹೊರಹೋಗಿರುತ್ತದೆ. ಆಗ ಹಳೆಯ ಪ್ರತಿ, ಒನ್‌ಡ್ರೈವ್‌ನ ಆವೃತ್ತಿ ಇತಿಹಾಸ, ಮಿಂಚಂಚೆಗೆ ಲಗತ್ತಿಸಿ ಕಳುಹಿಸಿದ್ದ ಪ್ರತಿ ಅಥವಾ ಅದೇ ಪ್ರಸ್ತುತಿಯಿಂದ ತಯಾರಿಸಿದ್ದ ವೀಡಿಯೊ ಇವುಗಳಲ್ಲಿ ಹುಡುಕಬೇಕಾಗುತ್ತದೆ.

ಹಳೆಯ ಪ್ರಸ್ತುತಿಗಳ ಕಥೆ ಮತ್ತೊಂದು ಬಗೆಯದು. ಪವರ್‌ಪಾಯಿಂಟ್ 2003 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಹೊರಗಿನಿಂದ ಸೇರಿಸಿದ ವೇವ್ ಕಡತವು 100 ಕಿಲೋಬೈಟ್‌ಗಿಂತ ದೊಡ್ಡದಿದ್ದರೆ, ಬಳಕೆದಾರರು ಆ ಮಿತಿಯನ್ನು ಹೆಚ್ಚಿಸದ ಹೊರತು, ಅದು ಪ್ರಸ್ತುತಿಯೊಳಗೆ ಸೇರುತ್ತಿರಲಿಲ್ಲ. ಅದರ ವಿಳಾಸ ಮಾತ್ರ ದಾಖಲಾಗುತ್ತಿತ್ತು. ಸಿ.ಡಿ. ಗುಣಮಟ್ಟದ ಸ್ಟೀರಿಯೊ ಧ್ವನಿಗೆ ಸೆಕೆಂಡಿಗೆ 1,76,400 ಬೈಟ್‌ಗಳು ಬೇಕು. ಆ ಲೆಕ್ಕದಲ್ಲಿ 100 ಕಿಲೋಬೈಟ್ ಒಂದು ಸೆಕೆಂಡಿಗೂ ಸಾಲದು. ನಿರೂಪಣೆಯನ್ನು ಮುದ್ರಿಸುವಾಗಲೂ ಧ್ವನಿಯನ್ನು ಕೊಂಡಿಯಾಗಿ ಇಡುವ ಆಯ್ಕೆಯಿತ್ತು. ಹೀಗೆ ಕೊಂಡಿಯಾಗಿದ್ದ ಪ್ರಸ್ತುತಿಯನ್ನಷ್ಟೇ ಬೇರೆ ಗಣಕಕ್ಕೆ ನಕಲು ಮಾಡಿದಾಗ ಧ್ವನಿ ಹಿಂದೆಯೇ ಉಳಿಯುತ್ತಿತ್ತು. ಇಂಥ ಕಡತವನ್ನು ಎಷ್ಟು ಶೋಧಿಸಿದರೂ ಫಲವಿಲ್ಲ. ಮೂಲ ಗಣಕದಲ್ಲಿ ಅಥವಾ ಅದರ ಬ್ಯಾಕಪ್‌ನಲ್ಲಿ ವೇವ್ ಕಡತಗಳನ್ನು ಹುಡುಕಬೇಕು.

ಹೊರತೆಗೆಯುವ ವಿಧಾನ

ಆಫೀಸ್ 2007ರಿಂದ ಬಳಕೆಗೆ ಬಂದ ಪಿಪಿಟಿಎಕ್ಸ್ ಕಡತವು ವಾಸ್ತವದಲ್ಲಿ ಒಂದು ಜಿಪ್ ಸಂಪುಟ. ಪ್ರಸ್ತುತಿಯ ನಕಲು ಪ್ರತಿಯೊಂದನ್ನು ಮಾಡಿಕೊಂಡು, ಅದರ ಹೆಸರಿನ ಕೊನೆಯ ಪಿಪಿಟಿಎಕ್ಸ್ ಎಂಬುದನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ, ಪಿಪಿಟಿ ಎಂಬ ಫೋಲ್ಡರಿನೊಳಗೆ ಮೀಡಿಯಾ ಎಂಬ ಫೋಲ್ಡರ್ ಕಾಣುತ್ತದೆ. ಚಿತ್ರಗಳ ಜೊತೆಗೆ ಧ್ವನಿ ಕಡತಗಳೂ ಅಲ್ಲಿಯೇ ಇರುತ್ತವೆ: ಇತ್ತೀಚಿನ ಆವೃತ್ತಿಗಳಲ್ಲಿ ಎಂ4ಎ ರೂಪದಲ್ಲಿ, ಹಳೆಯವುಗಳಲ್ಲಿ ವೇವ್ ರೂಪದಲ್ಲಿ. ಕ್ಯಾಮೆರಾ ಬಳಸಿ ಮುದ್ರಿಸಿದ ನಿರೂಪಣೆ ಎಂಪಿ4 ವೀಡಿಯೊ ಆಗಿರುತ್ತದೆ. ವಿಂಡೋಸ್‌ನಲ್ಲಿ ಕಡತದ ವಿಸ್ತರಣೆಗಳು ಮರೆಯಾಗಿದ್ದರೆ ಹೆಸರು ಬದಲಿಸುವ ಮುನ್ನ ಅವು ಕಾಣುವಂತೆ ಮಾಡಿಕೊಳ್ಳಬೇಕು. ಲಿಬ್ರೆಆಫೀಸ್ ಇಂಪ್ರೆಸ್‌ನ ಓಡಿಪಿ ಕಡತವೂ ಜಿಪ್ ಸಂಪುಟವೇ ಆದ್ದರಿಂದ ಅದನ್ನೂ ಹೀಗೆಯೇ ಬಿಚ್ಚಬಹುದು.

ಅರ್ಧಕ್ಕೆ ನಿಂತ ಡೌನ್‌ಲೋಡ್‌ನಂತಹ ಕಾರಣಗಳಿಂದ ಕಡತ ತುಂಡಾಗಿದ್ದರೆ ಪವರ್‌ಪಾಯಿಂಟ್ ಅದನ್ನು ತೆರೆಯಲು ನಿರಾಕರಿಸುತ್ತದೆ. ಜಿಪ್ ಸಂಪುಟದ ಪರಿವಿಡಿ ಇರುವುದು ಅದರ ಕೊನೆಯಲ್ಲಿ; ಬಾಲ ಕತ್ತರಿಸಿದರೆ ಪರಿವಿಡಿಯೇ ಹೋಗುತ್ತದೆ. ಆದರೆ ಒಳಗಿನ ಪ್ರತಿಯೊಂದು ಕಡತವೂ ತನ್ನದೇ ಶೀರ್ಷಿಕೆಯೊಂದಿಗೆ ಪ್ರತ್ಯೇಕವಾಗಿ ಸಂಕುಚಿತಗೊಂಡಿರುವುದರಿಂದ, ಜಿಪ್ ದುರಸ್ತಿ ತಂತ್ರಾಂಶಗಳು ತುಂಡಾದ ಜಾಗದವರೆಗಿನ ಕಡತಗಳನ್ನು ಹಲವು ಬಾರಿ ಉಳಿಸಿಕೊಡಬಲ್ಲವು.

ಪಿಪಿಟಿ ಎಂಬ ಹಳೆಯ ದ್ವಿಮಾನ ಕಡತಕ್ಕೆ ಈ ವಿಧಾನ ನೇರವಾಗಿ ಅನ್ವಯಿಸದು. ಅದನ್ನು ಹೊಸ ಆವೃತ್ತಿಯಲ್ಲಿ ತೆರೆದು ಪಿಪಿಟಿಎಕ್ಸ್ ಆಗಿ ಉಳಿಸಿದ ಬಳಿಕ ಬಿಚ್ಚಬೇಕು.

ಧ್ವನಿ ಮತ್ತು ಸ್ಲೈಡ್‌ಗಳ ಹೊಂದಾಣಿಕೆ

ಹೆಚ್ಚಿನವರು ಎಡವುವುದು ಇಲ್ಲಿ. ಮೀಡಿಯಾ ಫೋಲ್ಡರಿನ ‘ಮೀಡಿಯಾ7’ ಏಳನೆಯ ಸ್ಲೈಡಿನ ಧ್ವನಿಯೇ ಆಗಿರಬೇಕೆಂದಿಲ್ಲ. ಸ್ಲೈಡ್‌ಗಳನ್ನು ಹಿಂದೆ ಮುಂದೆ ಮಾಡಿದ್ದರೆ ‘ಸ್ಲೈಡ್7’ ಎಂಬ ಕಡತವೂ ಪ್ರದರ್ಶನದಲ್ಲಿ ಏಳನೆಯದಾಗಿರಬೇಕಿಲ್ಲ. ಯಾವ ಸ್ಲೈಡ್ ಯಾವ ಧ್ವನಿಯನ್ನು ಬಳಸುತ್ತದೆಂಬುದು ಸ್ಲೈಡ್ಸ್ ಫೋಲ್ಡರಿನೊಳಗಿನ ‘_ರೆಲ್ಸ್’ ಎಂಬ ಫೋಲ್ಡರಿನಲ್ಲಿರುವ ಸಣ್ಣ ಎಕ್ಸ್‌ಎಂಎಲ್ ಕಡತಗಳಲ್ಲಿ ದಾಖಲಾಗಿರುತ್ತದೆ. ಪ್ರದರ್ಶನದ ಅನುಕ್ರಮ ‘ಪ್ರೆಸೆಂಟೇಷನ್’ ಎಂಬ ಎಕ್ಸ್‌ಎಂಎಲ್ ಕಡತದಲ್ಲಿದೆ. ಎರಡನ್ನೂ ನೋಟ್‌ಪ್ಯಾಡ್‌ನಂತಹ ಸಾಧನದಲ್ಲಿ ತೆರೆದು ಓದಬಹುದು. ಈ ದಾಖಲೆಗಳು ಹಾಳಾಗಿದ್ದರೆ ಪ್ರತಿಯೊಂದು ಧ್ವನಿಯನ್ನೂ ಕಿವಿಯಿಂದಲೇ ಕೇಳಿ ಗುರುತಿಸುವುದು ಅನಿವಾರ್ಯ. ವಿಷಯ ಬಲ್ಲವರಿಗೆ ಇದು ಕಷ್ಟವಲ್ಲ.

ಮರುಸೇರ್ಪಡೆ

ಗುರುತಿಸಿದ ಧ್ವನಿಯನ್ನು ‘ಇನ್ಸರ್ಟ್’ ವಿಭಾಗದ ‘ಆಡಿಯೊ’ ಆಯ್ಕೆಯಿಂದ ಆಯಾ ಸ್ಲೈಡಿಗೆ ಸೇರಿಸಲಾಗುತ್ತದೆ. ಸೇರಿಸಿದ ಧ್ವನಿಯು ತಾನಾಗಿ ಆರಂಭವಾಗುವಂತೆಯೂ ಅದರ ಚಿಹ್ನೆ ಪ್ರದರ್ಶನದ ವೇಳೆ ಮರೆಯಾಗುವಂತೆಯೂ ‘ಪ್ಲೇಬ್ಯಾಕ್’ ವಿಭಾಗದಲ್ಲಿ ಸೂಚಿಸಬೇಕು. ಸ್ಲೈಡಿನಲ್ಲಿ ಬೇರೆ ಚಲನೆಗಳಿದ್ದರೆ ಧ್ವನಿಯನ್ನು ಅನಿಮೇಷನ್ ಪಟ್ಟಿಯ ಮೊದಲಿಗೆ ತರಬೇಕು. ಇಲ್ಲವಾದರೆ ಅವು ಮುಗಿಯುವವರೆಗೆ ಮಾತು ಆರಂಭವಾಗದಿರಬಹುದು. ಮೂಲ ಮುದ್ರಣದ ವೇಳೆ ದಾಖಲಾಗಿದ್ದ ಸಮಯಸೂಚನೆಗಳು ಅಳಿಸಿಹೋಗಿದ್ದರೆ, ಧ್ವನಿಯ ಅವಧಿಯನ್ನು ನೋಡಿಕೊಂಡು ‘ಟ್ರಾನ್ಸಿಷನ್ಸ್’ ವಿಭಾಗದ ‘ಆಫ್ಟರ್’ ಎಂಬಲ್ಲಿ ಪ್ರತಿ ಸ್ಲೈಡಿಗೂ ನಮೂದಿಸಬೇಕಾಗುತ್ತದೆ. ಮಾತಿನ ನಡುವೆ ಒಂದೊಂದಾಗಿ ಮೂಡುತ್ತಿದ್ದ ಅಂಶಗಳ ಸಮಯ ಮಾತ್ರ ಧ್ವನಿ ಕಡತದಲ್ಲಿ ಇರುವುದಿಲ್ಲ. ಅದನ್ನು ಧ್ವನಿ ಕೇಳುತ್ತಾ ಹೊಸದಾಗಿ ನಿಗದಿಪಡಿಸಬೇಕು.