ಅಟೆನ್‌ಬರೊ: ಊರು ಬಿಟ್ಟವನಿಗೆ ಸಿಕ್ಕ ಹೆಸರು

‘ಗಾಂಧಿ’ ಸಿನಿಮಾ ಮಾಡಿದ ರಿಚರ್ಡ್ ಅಟೆನ್‌ಬರೊ, ರುವಾಂಡದ ಕಾಡಿನಲ್ಲಿ ಗೊರಿಲ್ಲಾಗಳ ನಡುವೆ ಕೂತು ಪಿಸುದನಿಯಲ್ಲಿ ಮಾತಾಡಿದ ಡೇವಿಡ್ ಅಟೆನ್‌ಬರೊ ಇಬ್ಬರೂ ಸ್ವಂತ ಅಣ್ಣತಮ್ಮಂದಿರು. ಕನ್ನಡಿಗರ ಕಿವಿಗೆ ಈ ಹೆಸರು ಹೊಸದೇನಲ್ಲ. 2020ರಲ್ಲಿ ‘ವೈಲ್ಡ್ ಕರ್ನಾಟಕ’ ಚಿತ್ರಮಂದಿರಕ್ಕೆ ಬಂದಾಗ ನಮ್ಮ ಹುಲಿ, ಆನೆ, ನೀರುನಾಯಿಗಳ ಕಥೆ ಹೇಳಿದ್ದು ಡೇವಿಡ್ ಅವರ ದನಿಯೇ. ಇಷ್ಟು ಸಲ ಕೇಳಿದ ಹೆಸರು ಇಂಗ್ಲೆಂಡಿನಲ್ಲಿ ಬೀದಿಗೊಂದಾದರೂ ಇದ್ದೀತು ಅನ್ನಿಸುತ್ತದೆ. ಆದರೆ ಅಲ್ಲಿ ಅದು ಅಪರೂಪದ ಮನೆತನದ ಹೆಸರು. ಬ್ರಿಟನ್ನಿನಲ್ಲಿ ಸ್ಮಿತ್ ಎಂಬ ಹೆಸರಿನವರೇ ಐದು ಲಕ್ಷಕ್ಕೂ ಹೆಚ್ಚು. ಆ ಜಾತ್ರೆಯಲ್ಲಿ ಅಟೆನ್‌ಬರೊಗಳನ್ನು ಹುಡುಕಿಯೇ ತೆಗೆಯಬೇಕು.

ಹುಡುಕಲು ಹೊರಟರೆ ನಾಟಿಂಗ್‌ಹ್ಯಾಮ್‌ಶೈರ್‌ಗೆ ಹೋಗಬೇಕು. ನಾಟಿಂಗ್‌ಹ್ಯಾಮ್ ನಗರದ ನೈಋತ್ಯಕ್ಕೆ, ಟ್ರೆಂಟ್ ನದಿಯ ಪಕ್ಕದಲ್ಲಿ ಅಟೆನ್‌ಬರೊ ಎಂಬ ಊರೇ ಇದೆ. ಹಳೆಯದೊಂದು ಸೇಂಟ್ ಮೇರಿ ಚರ್ಚು, ಒಂದು ರೈಲು ನಿಲ್ದಾಣ, ಹೊಳೆಯುದ್ದಕ್ಕೂ ಕೆರೆಗಳಂತೆ ಕಾಣುವ ನೀರು. ಅವು ಕೆರೆಗಳಲ್ಲ, 1929ರಿಂದ ಜಲ್ಲಿ ತೆಗೆದು ತೆಗೆದು ಬಿದ್ದ ಹೊಂಡಗಳು. ನೀರು ತುಂಬಿದ ಮೇಲೆ ಹಕ್ಕಿಗಳು ಬಂದವು, ಹಕ್ಕಿಗಳ ಹಿಂದೆ ಹಕ್ಕಿ ನೋಡುವವರು ಬಂದರು. 1966ರಲ್ಲಿ ಅದು ಅಧಿಕೃತವಾಗಿ ಅಟೆನ್‌ಬರೊ ನಿಸರ್ಗಧಾಮವಾಯಿತು. ಉದ್ಘಾಟನೆಗೆ ಯಾರನ್ನು ಕರೆಯಬೇಕೆಂದು ಸಂಘಟಕರು ತಲೆಕೆಡಿಸಿಕೊಂಡಿರಲಾರರು. ಡೇವಿಡ್ ಬಂದರು. 2005ರಲ್ಲಿ ಅಲ್ಲಿನ ಮಾಹಿತಿ ಕೇಂದ್ರ ತೆರೆದಾಗಲೂ ಅವರೇ ಬಂದರು.

ಊರಿನ ಹೆಸರಿನಿಂದಲೇ ಮನೆತನದ ಹೆಸರು ಹುಟ್ಟಿತು ಅಂದುಬಿಟ್ಟರೆ ಸಾಲದು, ಹುಟ್ಟಿದ ಕ್ರಮ ಸ್ವಲ್ಪ ತಿರುಗುಮುರುಗು. ಅಟೆನ್‌ಬರೊದಲ್ಲೇ ಇದ್ದವನನ್ನು ಅಟೆನ್‌ಬರೊ ಅಂತ ಕರೆದು ಯಾರಿಗೂ ಪ್ರಯೋಜನವಿಲ್ಲ, ಅಲ್ಲಿರುವವರೆಲ್ಲ ಅಟೆನ್‌ಬರೊದವರೇ. ಗುಳೆ ಹೋಗಿಯೋ ಮದುವೆಯಾಗಿಯೋ ಪಕ್ಕದ ಊರು ಸೇರಿದಾಗ ಮಾತ್ರ ‘ಆ ಅಟೆನ್‌ಬರೊದ ಜಾನ್’ ಎಂಬ ಗುರುತು ಹುಟ್ಟುತ್ತದೆ. ಹುಬ್ಬಳ್ಳಿ, ಬಾದಾಮಿ ಎಂಬ ಅಡ್ಡಹೆಸರಿನವರು ಆ ಊರುಗಳಿಂದ ದೂರದಲ್ಲೇ ಹೆಚ್ಚು ಸಿಗುವುದನ್ನು ಕಂಡ ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲೆಂಡಿನಲ್ಲಿ 1066ರ ನಾರ್ಮನ್ ದಂಡಯಾತ್ರೆಯ ನಂತರ ಜಮೀನ್ದಾರರು ಮೊದಲು ಇಂಥ ಹೆಸರು ಹಿಡಿದರು, ಆಸ್ತಿಯ ಜೊತೆ ಹೆಸರೂ ಮಗನಿಗೆ ಹೋಗಲಿ ಎಂದು. ಸಾಮಾನ್ಯ ಜನರಿಗೆ ಅದು ಮುಂದಿನ ಎರಡು ಮೂರು ಶತಮಾನಗಳಲ್ಲಿ ನಿಧಾನವಾಗಿ ಇಳಿದು ಬಂತು. ಆಮೇಲೆ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಲೆಕ್ಕ ಇಡಬೇಕೆಂದು ಆಜ್ಞೆ ಹೊರಡಿಸಿದಾಗ ಹೆಸರುಗಳು ಕಾಗದದ ಮೇಲೆ ಕೂತವು. ಕೂತರೂ ಕಾಗುಣಿತ ಪಾದ್ರಿಯ ಕೈಯಲ್ಲಿತ್ತು: ಅಟೆನ್‌ಬರೊ, ಅಟೆನ್‌ಬ್ರೊ, ಅಟೆನ್‌ಬ್ಯಾರೊ, ಯಾವುದು ಬೇಕಾದರೂ ಆದೀತು.

ಅರ್ಥದ ವಿಷಯಕ್ಕೆ ಬಂದರೆ ಎರಡು ವಾದಗಳಿವೆ. ಹಳೆಯ ಇಂಗ್ಲಿಷಿನಲ್ಲಿ ‘ಬರ್ಹ್’ ಎಂದರೆ ಕೋಟೆ ಕಟ್ಟಿದ ಜಾಗ. ಊರಿನ ಹೆಸರು ‘ಆಡ್ಡ’ ಅಥವಾ ಅಂಥದೇ ಹೆಸರಿನ ಸ್ಯಾಕ್ಸನ್ ಒಬ್ಬನ ಕೋಟೆಯನ್ನು ಸೂಚಿಸುತ್ತದೆ ಎಂಬುದು ಮೊದಲನೆಯದು. ಎರಡನೆಯದರ ಪ್ರಕಾರ ‘ಅಟೆನ್’ ಅಂದರೆ ಬರೀ ‘ಹತ್ತಿರ’; ಕೋಟೆಯ ಹತ್ತಿರ ಮನೆ ಮಾಡಿಕೊಂಡವನು ಅಟೆನ್‌ಬರೊ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ‘ಅಟೆನ್ ಆಶ್’ ಸವೆದು ನ್ಯಾಶ್ ಆದದ್ದು, ‘ಅಟೆನ್ ಓಕ್’ ಸವೆದು ನೋಕ್ಸ್ ಆದದ್ದು ಅದೇ ದಾರಿಯಲ್ಲಿ. ಆದರೆ ಎರಡನೆಯ ವಾದ ನಿಜವಾಗಿದ್ದರೆ ಇಂಗ್ಲೆಂಡಿನಲ್ಲಿ ಕೋಟೆಗೇನು ಬರವೇ? ಆ ಹೆಸರು ಹತ್ತೂ ಕಡೆ ಬೇರೆ ಬೇರೆಯಾಗಿ ಹುಟ್ಟಬೇಕಿತ್ತು. ಒಂದೇ ಊರಿನಿಂದ ಬಂದಿದ್ದರೆ ಬೇರೂ ಒಂದೆರಡೇ ಇರಬೇಕು.

ಈ ಜಗಳ ಪಂಡಿತರ ಪುಸ್ತಕಗಳಲ್ಲೇ ಉಳಿಯುತ್ತಿತ್ತೇನೋ, ಲೆಸ್ಟರ್ ವಿಶ್ವವಿದ್ಯಾಲಯ ಇಲ್ಲದಿದ್ದರೆ. ಮಕ್ಕಳಿಗೆ ತಂದೆಯಿಂದ ಬರುವ ಹೆಸರು, ಗಂಡುಮಕ್ಕಳಿಗೆ ತಂದೆಯಿಂದ ಬರುವ ವೈ ಕ್ರೋಮೊಸೋಮ್ ಎರಡೂ ಒಂದೇ ದಾರಿಯಲ್ಲಿ ಇಳಿಯುತ್ತವೆ. ಹಾಗಿದ್ದರೆ ಒಂದೇ ಹೆಸರಿನ ಗಂಡಸರ ವೈ ಕ್ರೋಮೊಸೋಮೂ ಒಂದೇ ಇರಬೇಕಲ್ಲ? ಅಲ್ಲಿನ ಸಂಶೋಧಕರಾದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಇದನ್ನೇ ಕೈಗೆತ್ತಿಕೊಂಡರು. 40 ಮನೆತನದ ಹೆಸರುಗಳ 1,678 ಗಂಡಸರ ಮಾದರಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಮಿತ್‌ನಂಥ ಹೆಸರಿನಲ್ಲಿ ಇಂಥ ನಂಟು ಹುಡುಕುವುದೇ ವ್ಯರ್ಥ. ದಾರಿಯಲ್ಲಿ ಸಿಕ್ಕ ಯಾವ ಇಬ್ಬರನ್ನು ಹೋಲಿಸಿದರೂ ಅಷ್ಟೇ. ಸ್ಮಿತ್ ಅಂದರೆ ಕಮ್ಮಾರ; ಕಮ್ಮಾರ ಇಲ್ಲದ ಊರಿಲ್ಲ, ಹಾಗಾಗಿ ಆ ಹೆಸರು ಸಾವಿರ ಕಡೆ ಹುಟ್ಟಿದೆ. ಅಪರೂಪದ ಹೆಸರುಗಳ ಚಿತ್ರವೇ ಬೇರೆ. ಅಟೆನ್‌ಬರೊ, ಸ್ವಿಂಡಲ್‌ಹರ್ಸ್ಟ್ ಹೆಸರಿನವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿಯದು ಒಂದೇ, ಅಥವಾ ಒಂದೇ ಅನ್ನುವಷ್ಟು ಹತ್ತಿರದ ವೈ ಕ್ರೋಮೊಸೋಮ್.

ಹಾಗೆಂದು ಅಟೆನ್‌ಬರೊದಿಂದ ಹೊರಬಿದ್ದವನು ಒಬ್ಬನೇ ಎಂದು ಅರ್ಥವಲ್ಲ. ನಾಲ್ಕಾರು ಮಂದಿ ಹೊರಟಿದ್ದಿರಬಹುದು. ಗಂಡುಸಂತಾನ ಇಲ್ಲದ ಮನೆಯಲ್ಲಿ ಹೆಸರು ಅಲ್ಲಿಗೇ ನಿಂತಿತು, 1348ರ ಮಹಾಪ್ಲೇಗು ಬೇಕಾದಷ್ಟು ಮನೆಗಳನ್ನು ಒರೆಸಿಹಾಕಿತು, ಕೊನೆಗೆ ಒಂದೇ ಕವಲು ಹರಡಿತು. ಅದೃಷ್ಟವೇ ಇಲ್ಲಿ ಅರ್ಧ ಕೆಲಸ ಮಾಡಿದೆ ಎಂದು ಸಂಶೋಧಕರೇ ಹೇಳುತ್ತಾರೆ. ಆದರೂ ಇಷ್ಟು ಒಮ್ಮತದ ರಕ್ತ ನೋಡಿದ ಮೇಲೆ ‘ಕೋಟೆಯ ಹತ್ತಿರದವನು’ ವಾದಕ್ಕಿಂತ ಟ್ರೆಂಟ್ ದಡದ ಊರಿನ ವಾದವೇ ನನಗೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಹೆಸರೂ ರಕ್ತವೂ ಯಾವಾಗಲೂ ಜೊತೆಯಾಗಿಯೇ ಸಾಗುತ್ತವೆ ಎಂದೇನಿಲ್ಲ. ಇದೇ ಟೂರಿ ಕಿಂಗ್ ಮುಂದೆ ಲೆಸ್ಟರ್‌ನ ಕಾರ್ ಪಾರ್ಕಿನಡಿ ಸಿಕ್ಕ ಮೂರನೇ ರಿಚರ್ಡ್ ದೊರೆಯ ಮೂಳೆಗಳನ್ನು ಪರೀಕ್ಷಿಸಿದರು. ತಾಯಿಯ ಕಡೆಯ ಡಿಎನ್‌ಎ ಸರಿಹೊಂದಿತು. ತಂದೆಯ ಕಡೆಯದು ಇಂದಿನ ವಂಶಸ್ಥರ ಜೊತೆ ಹೊಂದಲಿಲ್ಲ. ರಾಜಮನೆತನದ ಸರಪಳಿ ಎಲ್ಲೋ ಒಂದು ಕಡೆ ಕಡಿದಿತ್ತು.

ಲೆಸ್ಟರ್‌ನಲ್ಲೇ ಈ ಸಂಶೋಧನೆ ನಡೆದದ್ದು ಕಾಕತಾಳೀಯ ಅಂದುಕೊಂಡರೂ ಸೊಗಸಾಗಿದೆ. ಅಲ್ಲಿನ ಯೂನಿವರ್ಸಿಟಿ ಕಾಲೇಜಿಗೆ 1932ರಿಂದ 1951ರವರೆಗೆ ಪ್ರಿನ್ಸಿಪಾಲರಾಗಿದ್ದವರು ಫ್ರೆಡರಿಕ್ ಲೆವಿ ಅಟೆನ್‌ಬರೊ, ಈ ಸೋದರರ ತಂದೆ. ಕ್ಯಾಂಪಸ್ಸಿನ ಹದಿನೆಂಟು ಮಹಡಿಯ ಗೋಪುರಕ್ಕೆ ಅವರ ಹೆಸರೇ ಇದೆ.   ಫ್ರೆಡರಿಕ್ ಹುಟ್ಟಿದ ಸ್ಟೇಪಲ್‌ಫರ್ಡ್, ಅಟೆನ್‌ಬರೊ ಊರಿನಿಂದ ನಾಲ್ಕೈದು ಕಿಲೋಮೀಟರ್. ಇಷ್ಟು ಶತಮಾನ ಕಳೆದರೂ ಆ ಕವಲು ಹೆಚ್ಚು ದೂರ ನಡೆದಿರಲಿಲ್ಲ. ಅವರು ಹಳೆಯ ಇಂಗ್ಲಿಷಿನ ವಿದ್ವಾಂಸರೂ ಹೌದು. 1922ರಲ್ಲಿ ಪ್ರಾಚೀನ ಇಂಗ್ಲಿಷ್ ದೊರೆಗಳ ಕಾನೂನುಗಳನ್ನು ಮೂಲದೊಡನೆ ಅನುವಾದಿಸಿ ಪ್ರಕಟಿಸಿದರು. ಅದರಲ್ಲಿ ಎಥೆಲ್‌ಸ್ಟನ್ ದೊರೆಯ ಒಂದು ಆಜ್ಞೆ: ಪ್ರತಿ ‘ಬರ್ಹ್’ನ ದುರಸ್ತಿ ಇಂಥ ಹಬ್ಬದ ನಂತರ ಹದಿನೈದು ದಿನದೊಳಗೆ ಮುಗಿಯಬೇಕು. ತಮ್ಮ ಹೆಸರಿನ ಬಾಲದಲ್ಲಿದ್ದ ಕೋಟೆಯ ರಿಪೇರಿ ಕಾನೂನನ್ನು ಅವರು ಮೇಜಿನ ಮುಂದೆ ಕೂತು ಅನುವಾದಿಸುತ್ತಿದ್ದರು.

ಈ ಸೋದರರಿಗಿಂತ ಮೊದಲು ಲಂಡನ್ನಿಗರಿಗೆ ಅಟೆನ್‌ಬರೊ ಅಂದರೆ ಗಿರವಿ ಅಂಗಡಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಆ ಹೆಸರಿನ ವ್ಯಾಪಾರಿಗಳು ನಗರದಲ್ಲಿ ಅಲ್ಲಲ್ಲಿ ಇದ್ದರು. ಫ್ಲೀಟ್ ಸ್ಟ್ರೀಟಿನ 193ನೇ ನಂಬರಿನ ಕಟ್ಟಡ, ಜಾರ್ಜ್ ಅಟೆನ್‌ಬರೊ ಅವರ ಅಂಗಡಿ, ಈಗಲೂ ಇದೆ. ಮೂಲೆಯ ಗೂಡಿನಲ್ಲಿ ಬೈರನ್ ಕವಿಯ ಪಾತ್ರ ಕಾಲೆಡ್‌ನ ಪ್ರತಿಮೆ ನಿಂತಿದೆ. ಗಡಿಯಾರ ಅಡವಿಟ್ಟವರ ಬಾಯಲ್ಲಿ ಓಡಾಡಿದ ಹೆಸರು ಒಂದೇ ಶತಮಾನದಲ್ಲಿ ಗೊರಿಲ್ಲಾ, ತಿಮಿಂಗಿಲಗಳ ಪಕ್ಕಕ್ಕೆ ಹೋಗಿ ಕೂತಿತು.

ವೈ ಕ್ರೋಮೊಸೋಮಿನ ಲೆಕ್ಕಕ್ಕೆ ಸಿಗದ್ದೂ ಮನೆತನದಲ್ಲಿರುತ್ತದೆ. 1939ರಲ್ಲಿ ಬರ್ಲಿನ್ನಿನಿಂದ ಬಂದ ಐರೀನ್ ಮತ್ತು ಹೆಲ್ಗಾ ಬೆಯಾಕ್ ಎಂಬ ಇಬ್ಬರು ಯಹೂದಿ ಹುಡುಗಿಯರನ್ನು ಫ್ರೆಡರಿಕ್ ದಂಪತಿ ಮನೆಗೆ ಸೇರಿಸಿಕೊಂಡು ಯುದ್ಧ ಮುಗಿಯುವವರೆಗೂ ಸಾಕಿದರು. ರಿಚರ್ಡ್, ಡೇವಿಡ್ ಸೇರಿ ಮೂವರು ಗಂಡುಮಕ್ಕಳು ಅವರನ್ನು ತಂಗಿಯರೆಂದೇ ತಿಳಿದರು. ವಂಶವೃಕ್ಷದ ಗೆರೆಯಲ್ಲಿ ಅವರಿಗೆ ಜಾಗವಿಲ್ಲ.

ಹೆಸರು ಮಾತ್ರ ಈಗ ಎಲ್ಲೆಲ್ಲಿಗೋ ಹೋಗಿದೆ. ಹೊಸ ಜೀವಿ ಕಂಡುಹಿಡಿದವರು ಡೇವಿಡ್ ಗೌರವಾರ್ಥ ಅದರ ಲ್ಯಾಟಿನ್ ಹೆಸರಿಗೆ ‘ಅಟೆನ್‌ಬರೊಯಿ’ ಸೇರಿಸುತ್ತಾರೆ: ಫಿಲಿಪೀನ್ಸಿನ ಹೂಜಿಗಿಡ, ಆಸ್ಟ್ರೇಲಿಯಾದಲ್ಲಿ ಸಿಕ್ಕ ಮರಿಹಾಕುವ ಮೀನಿನ ಪಳೆಯುಳಿಕೆ, ಕೇರಳದ ಕರಾವಳಿಯಲ್ಲಿ ಗಂಟಲ ಬೀಸಣಿಗೆ ಬಿಚ್ಚುವ ಓತಿಕ್ಯಾತ. ನ್ಯೂಗಿನಿಯ ಸೈಕ್ಲಾಪ್ಸ್ ಬೆಟ್ಟದ ಮುಳ್ಳುಮೈಯ ಎಕಿಡ್ನಾಕ್ಕೂ ಅದೇ ಹೆಸರು. 1961ರಲ್ಲಿ ಸಿಕ್ಕ ಒಂದೇ ಒಂದು ಮಾದರಿಯಿಂದ ಅದನ್ನು ಗುರುತಿಸಲಾಗಿತ್ತು. ಆಮೇಲೆ ವಿಜ್ಞಾನಿಗಳ ಕಣ್ಣಿಗೆ ಬೀಳದೆ ಅಳಿದೇಹೋಯಿತೇನೋ ಎಂಬ ಶಂಕೆಯಿತ್ತು. 2023ರಲ್ಲಿ ಆಕ್ಸ್‌ಫರ್ಡ್‌ನ ತಂಡ ಬೆಟ್ಟವಿಡೀ ಕ್ಯಾಮೆರಾ ಕಟ್ಟಿ ಕಾದಿತು. ಹೊರಡುವ ಕೊನೆಯ ದಿನ, ಕೊನೆಯ ಮೆಮೊರಿ ಕಾರ್ಡಿನಲ್ಲಿ, ಅಟೆನ್‌ಬರೊ ಒಬ್ಬ ತನ್ನ ಉದ್ದ ಮೂತಿ ನೆಲಕ್ಕೂರಿ ನಡೆದುಹೋಗುತ್ತಿದ್ದ.