ನೆಗ್ಗಿನಮುಳ್ಳು ಮದ್ದೇ, ವಿಷವೇ?

ಪ್ರಶ್ನೆ: ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ನೆಗ್ಗಿನಮುಳ್ಳು ನಿಜಕ್ಕೂ ಔಷಧವೇ? ಕುರಿ ಮೇಯಬಹುದೇ?
– ಓದುಗರು, ತುರುವನೂರು

ಉತ್ತರ: ಔಷಧ ಹೌದು, ಕುರಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು.

ಸಸ್ಯವಿಜ್ಞಾನದ ಟ್ರಿಬ್ಯುಲಸ್ ಟೆರೆಸ್ಟ್ರಿಸ್, ಆಯುರ್ವೇದದ ಗೋಕ್ಷುರ ಇದೇ. ಚಿತ್ರದುರ್ಗ ಸೀಮೆಯಂಥ ಮಳೆ ಕಡಿಮೆಯ ನೆಲ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಆಳಕ್ಕಿಳಿಯುವ ತಾಯಿಬೇರು, ನೆಲಕ್ಕಂಟಿ ಹರಡುವ ಕವಲು, ಐದೆಸಳಿನ ಹಳದಿ ಹೂ. ಎದುರುಬದುರಿನ ಎಲೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಬಲಿತ ಕಾಯಿ ಐದು ಹೋಳಾಗುತ್ತದೆ. ಚಪ್ಪಲಿಗೆ, ಟೈರಿಗೆ, ಗೊರಸಿಗೆ ಚುಚ್ಚಿಕೊಂಡೇ ಆ ಹೋಳುಗಳು ಊರೂರು ಸುತ್ತುತ್ತವೆ. ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುವುದರಿಂದ ಕಾಯಿ ಕಟ್ಟುವ ಮೊದಲೇ ಕೀಳಬೇಕು.

ಆಯುರ್ವೇದದಲ್ಲಿ ದಶಮೂಲವೆನ್ನುವ ಹತ್ತು ಬೇರುಗಳಲ್ಲಿ ಇದರದೂ ಒಂದು. ಉರಿಮೂತ್ರಕ್ಕೆ, ಮೂತ್ರದ ಕಲ್ಲಿಗೆ ಒಣಕಾಯಿಯ ಕಷಾಯ ಕೊಡುವುದು ಹಳೆಯ ರೂಢಿ. ವೈದ್ಯರನ್ನು ಕೇಳಿಯೇ ಕುಡಿಯಿರಿ. ಇದರ ಹೆಸರಿನಲ್ಲಿ ಮಾರುವ 'ಪುರುಷಶಕ್ತಿ' ಮಾತ್ರೆಗಳು ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತವೆಂಬ ಮಾತನ್ನು ಮನುಷ್ಯರ ಮೇಲಿನ ಪರೀಕ್ಷೆಗಳು ಬಹುಮಟ್ಟಿಗೆ ಸಮರ್ಥಿಸಿಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ. ಹೆಸರು ಹೋಲುವ ಆನೆನೆಗ್ಗಿಲು ಬೇರೆಯೇ ಕುಟುಂಬದ ಗಿಡ, ಒಣಕಾಯಿ ಕೊಳ್ಳುವಾಗ ಗುರುತಿಸಿ.

ಇನ್ನು ಕುರಿ. ದಕ್ಷಿಣ ಆಫ್ರಿಕಾದ ಕುರಿಗಾರರಿಗೆ ಈ ಗಿಡದಿಂದ ಬರುವ 'ಗೀಲ್‌ಡಿಕ್‌ಕಾಪ್' ಬೇನೆ ಚೆನ್ನಾಗಿ ಗೊತ್ತು. ಗಿಡದ ಸಪೋನಿನ್‌ಗಳಿಂದ ಪಿತ್ತನಾಳದಲ್ಲಿ ಹರಳು ಕಟ್ಟಿ ಪಿತ್ತಜನಕಾಂಗ ಕೆಡುತ್ತದೆ. ಎಲೆಹಸಿರಿನಿಂದ ಹುಟ್ಟುವ ಒಂದು ವಸ್ತು ಹೊರಹೋಗದೆ ರಕ್ತದಲ್ಲಿ ಉಳಿದು, ಬಿಸಿಲು ತಾಗಿದೊಡನೆ ಮುಖ, ಕಿವಿ ಊದುತ್ತವೆ. ಕಾಮಾಲೆಯಿಂದ ಕಣ್ಣೂ ಹಳದಿಯಾಗುತ್ತದೆ. ಬಾಡಿದ ಗಿಡ ಮೇಯ್ದಾಗ ಅಪಾಯ ಹೆಚ್ಚು. ಹಸಿದ ಮಂದೆಯನ್ನು ಬರೀ ನೆಗ್ಗಿಲು ಹಬ್ಬಿದ ಬೀಳಿಗೆ ಬಿಡಬೇಡಿ. ಊತ ಕಂಡರೆ ಕುರಿಯನ್ನು ಕೂಡಲೇ ನೆರಳಿಗೆ ಕಟ್ಟಿ, ಪಶುವೈದ್ಯರನ್ನು ಕರೆಸಿ.