ಊರು ಅಲ್ಲೇ, ವಿಳಾಸ ಬೇರೆ: ಕೋಡ್ ಎಡಿಟರ್‌ನಲ್ಲಿ ಕಡತಗಳ ನಿರ್ವಹಣೆ



ಲೊಕ್ಕನಹಳ್ಳಿಯ ವಿಳಾಸವನ್ನು ಒಮ್ಮೆ ಗಮನಿಸೋಣ. 1956ರ ನವೆಂಬರ್ 1ಕ್ಕೆ ಮೊದಲು ಅದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. 2018ರಲ್ಲಿ ಹನೂರು ಹೊಸ ತಾಲ್ಲೂಕಾಯಿತು. ಊರು ಒಂದು ಗೇಣೂ ಕದಲಲಿಲ್ಲ. ವಿಳಾಸ ಮಾತ್ರ ಮೂರು ಸಲ ಬದಲಾಯಿತು.

ಗಣಕಯಂತ್ರದಲ್ಲಿರುವ ಕಡತಕ್ಕೂ, ಅಂದರೆ ಫೈಲಿಗೂ, ಇಂಥದೇ ವಿಳಾಸವಿದೆ. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಗ್ರಾಮ ಇರುವಂತೆ, ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಕಡತ. ಈ ಸಾಲನ್ನು ‘ಪಾತ್’ ಅಥವಾ ಪಥ ಎನ್ನುತ್ತೇವೆ. ಕಡತದ ಹೆಸರನ್ನು ಅಥವಾ ಸ್ಥಳವನ್ನು ಬದಲಾಯಿಸಿದರೆ ಪಥವೂ ಬದಲಾಗುತ್ತದೆ.

ಪಕ್ಕದ ಪಟ್ಟಿಯಲ್ಲಿ ಏನಿದೆ?

2015ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಎಡಿಟರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಒಂದು ಫೋಲ್ಡರನ್ನು ತೆರೆದಾಗ ಎಡಬದಿಯ ‘ಎಕ್ಸ್‌ಪ್ಲೋರರ್’ ಪಟ್ಟಿಯಲ್ಲಿ ಒಳಗಿನ ಕಡತಗಳೆಲ್ಲ ಮರದ ಕೊಂಬೆಗಳಂತೆ ಕಾಣುತ್ತವೆ. ಪಟ್ಟಿ ಕಾಣದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಇ ಕೀಲಿಗಳನ್ನು ಒಟ್ಟಿಗೆ ಒತ್ತಿ.

ಹೊಸ ಕಡತಕ್ಕೂ ಹೊಸ ಫೋಲ್ಡರಿಗೂ ಪಟ್ಟಿಯ ಮೇಲ್ಭಾಗದಲ್ಲಿ ಬೇರೆ ಬೇರೆ ಗುಂಡಿಗಳಿವೆ. ಹೆಸರು ಬದಲಿಸಲು ಎಫ್-2 ಕೀಲಿ ಸಾಕು. ಸ್ಥಳ ಬದಲಿಸಬೇಕಾದರೆ ಮೌಸಿನಿಂದ ಎಳೆದು ಬೇರೆ ಫೋಲ್ಡರಿನ ಮೇಲೆ ಬಿಡಬಹುದು. ಆದರೆ ಒಂದು ಎಚ್ಚರಿಕೆ. ಪಟ್ಟಿಯಲ್ಲಿ ಕಾಣುವುದು ಕಡತಗಳ ನಕಲಲ್ಲ. ಇಲ್ಲಿ ಅಳಿಸಿದರೆ ಡಿಸ್ಕಿನಲ್ಲೇ ಅಳಿಸಿದಂತೆ. ಡಿಲೀಟ್ ಒತ್ತಿದಾಗ ಕಡತವು ಸಾಮಾನ್ಯವಾಗಿ ಕಸದಬುಟ್ಟಿಗೆ ಹೋಗುತ್ತದೆ, ಮರಳಿ ಪಡೆಯಬಹುದು. ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಬುಟ್ಟಿಗೂ ಹೋಗುವುದಿಲ್ಲ.

ಚಿತ್ರ ಏಕೆ ಮಾಯವಾಯಿತು?

ನೀವು ‘ನಮ್ಮೂರು’ ಎಂಬ ಫೋಲ್ಡರ್ ಮಾಡಿ, ಅದರಲ್ಲಿ ಒಂದು ವೆಬ್ ಪುಟವನ್ನೂ ‘ಚಿತ್ರಗಳು’ ಎಂಬ ಒಳಫೋಲ್ಡರನ್ನೂ ಇಟ್ಟಿದ್ದೀರಿ ಎಂದುಕೊಳ್ಳಿ. ಮುಸುಕಿನ ಜೋಳದ ಹೊಲದ ಚಿತ್ರವನ್ನು ತೋರಿಸಲು ಪುಟದಲ್ಲಿ ‘ಚಿತ್ರಗಳು/ಹೊಲ.ಜೆಪಿಜಿ’ ಎಂದು ಬರೆದಿರುತ್ತೀರಿ. ಇದು ಸಾಪೇಕ್ಷ ಪಥ: ಪುಟ ಇರುವ ಜಾಗದಿಂದ ಹೊರಟು ದಾರಿ ಹೇಳುವಂಥದು. ಒಡೆಯರಪಾಳ್ಯದವರು ‘ನಮ್ಮ ಹೋಬಳಿಯ ಲೊಕ್ಕನಹಳ್ಳಿ’ ಎಂದಂತೆ.

ಈಗ ‘ನಮ್ಮೂರು’ ಫೋಲ್ಡರನ್ನೇ ಇಡಿಯಾಗಿ ಬೇರೆಡೆಗೆ ಸಾಗಿಸಿ. ಚಿತ್ರ ಕಾಣುತ್ತದೆ. ಏಕೆಂದರೆ ಒಳಗಿನ ಸಂಬಂಧ ಕೆಟ್ಟಿಲ್ಲ; ತಾಲ್ಲೂಕು ಬದಲಾದರೂ ಒಡೆಯರಪಾಳ್ಯವೂ ಲೊಕ್ಕನಹಳ್ಳಿಯೂ ಒಂದೇ ಹೋಬಳಿಯಲ್ಲಿ ಉಳಿದಂತೆ. ಆದರೆ ಡಿಸ್ಕಿನ ಹೆಸರಿನಿಂದಲೇ ಆರಂಭವಾಗುವ ಪೂರ್ಣ ಪಥವನ್ನು ಬರೆದಿದ್ದರೆ ಚಿತ್ರ ಮಾಯವಾಗುತ್ತಿತ್ತು.

ಇನ್ನು ಪುಟವೊಂದನ್ನೇ ಎಳೆದು ‘ಪುಟಗಳು’ ಎಂಬ ಒಳಫೋಲ್ಡರಿಗೆ ಹಾಕಿ. ಚಿತ್ರ ಅಲ್ಲೇ ಇದ್ದರೂ ಕಾಣುವುದಿಲ್ಲ. ಪುಟವು ಅದನ್ನು ‘ಪುಟಗಳು’ ಫೋಲ್ಡರಿನೊಳಗೆ ಹುಡುಕುತ್ತಿರುತ್ತದೆ. ಪಥದ ಮುಂದೆ ಎರಡು ಚುಕ್ಕಿ ಮತ್ತು ಒಂದು ಓರೆಗೆರೆ ಸೇರಿಸಿ, ‘../ಚಿತ್ರಗಳು/ಹೊಲ.ಜೆಪಿಜಿ’ ಎಂದು ಬರೆದರೆ ಸರಿಹೋಗುತ್ತದೆ. ಎರಡು ಚುಕ್ಕಿಗಳ ಅರ್ಥ ‘ಒಂದು ಮೆಟ್ಟಿಲು ಮೇಲಕ್ಕೆ ಹೋಗು’ ಎಂದು.

ಜಾವಾಸ್ಕ್ರಿಪ್ಟ್‌ನಂಥ ಕೆಲವು ಭಾಷೆಗಳಲ್ಲಿ, ಕಡತ ಸಾಗಿಸಿದಾಗ ‘ಉಲ್ಲೇಖಗಳನ್ನೂ ತಿದ್ದಲೇ?’ ಎಂದು ಎಡಿಟರೇ ಕೇಳುತ್ತದೆ. ಎಲ್ಲ ಕಡೆಯೂ ಕೇಳುತ್ತದೆಂದು ನಂಬಿ ಕೂರಬಾರದು.

ಇಂಗ್ಲಿಷ್ ಹೆಸರಿಡುವಾಗ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೆರೆಸದಿರುವುದು ಲೇಸು. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ಭಾವಿಸುತ್ತದೆ; ಲಿನಕ್ಸ್ ಹಾಗಲ್ಲ. ಹೆಚ್ಚಿನ ಜಾಲತಾಣಗಳು ಲಿನಕ್ಸ್ ಯಂತ್ರಗಳಲ್ಲಿರುವುದರಿಂದ, ಮನೆಯಲ್ಲಿ ಸರಿಯಾಗಿ ಕಂಡ ಪುಟ ಅಲ್ಲಿ ಚಿತ್ರವಿಲ್ಲದೆ ಬರಿದಾಗಿ ಕಾಣಬಹುದು.

ನೀವೇ ಮಾಡಿ ನೋಡಿ

ಮೇಲಿನ ‘ನಮ್ಮೂರು’ ಫೋಲ್ಡರನ್ನು ರಚಿಸಿ. ಪುಟವನ್ನು ಸಾಗಿಸುವ ಮೊದಲು, ಯಾವ ಪಥ ಕೆಡುತ್ತದೆ, ಹೇಗೆ ತಿದ್ದಬೇಕು ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿ. ಬಳಿಕ ಸಾಗಿಸಿ ನೋಡಿ. ನಿಮ್ಮ ಊಹೆ ಸರಿಯಾಗಿದ್ದರೆ ಪಾಠ ಮನದಟ್ಟಾಯಿತೆಂದೇ ತಿಳಿಯಿರಿ.